ಮನಶ್ಶಾಸ್ತ್ರಜ್ಞರ ಕೈಪಿಡಿ: ಹೈದರಾಬಾದ್ ಆವೃತ್ತಿ

ಅಭಿನಂದನೆಗಳು. ಎಂ.ಫಿಲ್. ಮುಗಿದು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೈಸೇರಿ, ಗಚ್ಚಿಬೌಲಿಯ ದೊಡ್ಡ ಆಸ್ಪತ್ರೆಯಲ್ಲಿ ನಿಮಗೊಂದು ಕುರ್ಚಿ ಸಿಕ್ಕಿದೆ. ಕೂರುವ ಮುಂಚೆ ಇದನ್ನು ಓದಿ. ರೋಗಿಯ ಮನಸ್ಸಿನ ಬಗ್ಗೆ ಇದರಲ್ಲಿ ಏನೂ ಇಲ್ಲ. ಅದು ನಿಮಗೆ ಗೊತ್ತಿರುವ ವಿಷಯ.

ಅಳವಡಿಕೆ

ನಿಮ್ಮ ಕೋಣೆಗಿಂತ ಮೊದಲು ಟಿಪಿಎ ಕೌಂಟರ್ ಎಲ್ಲಿದೆ ಎಂದು ನೋಡಿಕೊಳ್ಳಿ. ವಿಮೆ ಕಂಪನಿಗೂ ಆಸ್ಪತ್ರೆಗೂ ನಡುವೆ ಕಾಗದ ಓಡಾಡಿಸುವವರು ಅಲ್ಲಿರುತ್ತಾರೆ. ಚಿಕಿತ್ಸೆ ಶುರುವಾಗುವುದು ನಿಮ್ಮ ಬಳಿ. ಅದು ಎಷ್ಟು ದಿನ ಎಂಬುದು ಬಹಳ ಸಲ ತೀರ್ಮಾನವಾಗುವುದು ಅಲ್ಲಿ.

ಕಾನೂನು ನಿಮ್ಮ ಪರ ಇದೆ, ಧೈರ್ಯವಾಗಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಪ್ರಕಾರ, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಸುತ್ತೋಲೆ ಹೊರಟಿತು. ವಿಮೆ ಹಣ ನಿರಾಕರಿಸಿದ ಪ್ರಕರಣವೊಂದರಲ್ಲಿ 2021ರಲ್ಲಿ ದೆಹಲಿ ಹೈಕೋರ್ಟ್, ಕಾಯ್ದೆ ಜಾರಿಯಾದ ದಿನದಿಂದಲೇ ಈ ಹೊಣೆ ಕಂಪನಿಗಳ ಮೇಲಿದೆ ಎಂದಿತು. ಆಮೇಲೂ 2022ರ ಅಕ್ಟೋಬರ್ 31 ಎಂದು ಐಆರ್‌ಡಿಎಐ ಕಂಪನಿಗಳಿಗೆ ಹೊಸ ಗಡುವು ಕೊಡಬೇಕಾಯಿತು. ಅಂದಹಾಗೆ ಐಆರ್‌ಡಿಎಐ ಕಚೇರಿ ಇರುವುದು ಪಕ್ಕದ ನಾನಕ್‌ರಾಮ್‌ಗುಡದಲ್ಲೇ. ಆಟೋದವರೂ ಬರುವುದಿಲ್ಲ ಎನ್ನದಷ್ಟು ಹತ್ತಿರ.

ಬಳಸುವ ವಿಧಾನ

ಇಲ್ಲಿ ಗಮನವಿಡಿ. ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದು ಮಂಚಕ್ಕೆ: ರೋಗಿ 24 ಗಂಟೆ ಒಳರೋಗಿಯಾಗಿ ಮಲಗಿರಬೇಕು. ಕಣ್ಣಿನ ಪೊರೆ ತೆಗೆಯುವುದು, ಡಯಾಲಿಸಿಸ್ ಮುಂತಾದವಕ್ಕೆ ವಿನಾಯಿತಿ ಉಂಟು; ಅವು ಡೇ ಕೇರ್ ಪಟ್ಟಿಯಲ್ಲಿವೆ. ನೀವು ಮಾಡುವ ಕೆಲಸ ಯಾವುದು? ಎದುರು ಕೂತವರ ಮಾತನ್ನು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ಕೇಳುವುದು. ಅದಕ್ಕೆ ಮಂಚ ಬೇಡ. ಹಾಗಾಗಿ ಅದು ಹೊರರೋಗಿ ವಿಭಾಗದ ಲೆಕ್ಕ, ಒಪಿಡಿ ಸೌಲಭ್ಯವನ್ನು ಪ್ರತ್ಯೇಕವಾಗಿ ಕೊಂಡವರಿಗಷ್ಟೇ ದಕ್ಕುವಂಥದ್ದು. ನೀವು ಚೆನ್ನಾಗಿ ಕೆಲಸ ಮಾಡಿ ರೋಗಿ ಆಸ್ಪತ್ರೆಗೆ ಸೇರುವುದು ತಪ್ಪಿತೆನ್ನಿ, ಬಿಲ್ಲು ಅವರ ಜೇಬಿಗೆ. ಕೆಲಸ ಕೆಟ್ಟು ರೋಗಿ ವಾರ್ಡಿಗೆ ಬಿದ್ದರೆ ಕ್ಯಾಶ್‌ಲೆಸ್. ಯಂತ್ರದ ದೋಷವೆಂದು ದೂರು ಕೊಡಬೇಡಿ. ಅದನ್ನು ಕಟ್ಟಿರುವುದೇ ಹೀಗೆ.

ಒಳರೋಗಿಯ ಕ್ಲೇಮ್ ಫಾರಂನಲ್ಲಿ ಚಿಕಿತ್ಸೆ ನೀಡಿದ ವೈದ್ಯರ ನೋಂದಣಿ ಸಂಖ್ಯೆಗೆ ಜಾಗವಿದೆ. ಅದು ಮನೋವೈದ್ಯರದು. ಅರ್ಧ ದಿನ ಕೂತು ಪರೀಕ್ಷೆಗಳನ್ನು ನಡೆಸಿದವರು ನೀವೇ ಆಗಿರಬಹುದು. ನಿಮ್ಮ ವರದಿಯನ್ನು ಹಿಂದೆ ಪಿನ್ ಹೊಡೆದು ಲಗತ್ತಿಸಿ.

ಭಾಷೆ ಮತ್ತು ಕೋಡು

ನಿಜಾಮರ ಕಾಲದಿಂದ ಬೀದರಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಹೈದರಾಬಾದೇ. ಆ ಕಡೆಯ ತಾಯಿಯೊಬ್ಬರು ಬಂದು, "ನಮ್ಮ ಹುಡುಗ ಮಾತಾಡದೇ ಬಿಟ್ಟಾನ್ರೀ ಅಕ್ಕಾರ, ಮೂಲ್ಯಾಗ ಕುಂತ್ರ ಕುಂತಂಗೇ ಇರ್ತಾನ" ಎಂದರೆ ಫಾರಂಗೆ ಬೇಕಾದದ್ದು ಖಿನ್ನತೆಯ ಎಫ್32 ಅಥವಾ ಅಂಥದೇ ಇನ್ನೊಂದು ಕೋಡು. ನಿಮಗೆ ಕನ್ನಡ ಬಾರದಿದ್ದರೆ ಅವರು ದಖನಿ ಉರ್ದುವಿಗೆ ಇಳಿಯುತ್ತಾರೆ, ಮೂಲೆಯಲ್ಲಿ ಕೂತ ಹುಡುಗ ಅರ್ಧ ಅಲ್ಲೇ ಉಳಿಯುತ್ತಾನೆ. ವಿಮೆ ಕಾರ್ಡು ಇಲ್ಲದವರಿಗೆ ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ತೋರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರಿನಲ್ಲಿ ಆಡಿಕೊಂಡು ನಗುವಂತೆ ಇಲ್ಲಿ ಎರ್ರಗಡ್ಡದ ಹೆಸರಿನಲ್ಲಿ ನಗುತ್ತಾರೆ. ಆದ್ದರಿಂದ ಹೆಸರನ್ನು ಮೆಲ್ಲಗೆ ಹೇಳಿ. ಫೋನಿನಲ್ಲಾದರೂ ಮಾತಾಡುತ್ತೇವೆ ಎನ್ನುವವರಿಗೆ 14416 ಬರೆದುಕೊಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ದುಡ್ಡಿಲ್ಲ, ಕೋಡಿಲ್ಲ.

ಹೈಟೆಕ್ ಸಿಟಿ ಗ್ರಾಹಕರು

ಅಲ್ಲಿನ ಐಟಿ ಉದ್ಯೋಗಿಗಳಿಗೆ ಅವರ ಕಂಪನಿಯೇ ಕೆಲವು ಭೇಟಿಗಳನ್ನು ಉಚಿತವಾಗಿ ಕೊಟ್ಟಿರುತ್ತದೆ, ಆರು ಎಂದಿಟ್ಟುಕೊಳ್ಳಿ. ಮೊದಲನೆಯದು "ಎಚ್‌ಆರ್‌ಗೆ ಗೊತ್ತಾಗುತ್ತಾ?" ಎಂಬ ಪ್ರಶ್ನೆಯಲ್ಲೇ ಕಳೆಯುತ್ತದೆ. ಕಾಯ್ದೆಯ 23ನೇ ಕಲಂ ಗೌಪ್ಯತೆ ಕೊಟ್ಟಿದೆ ಎಂದು ತಿಳಿಸಿ. ಎರಡನೆಯದರಲ್ಲಿ ಅವರು ನಿದ್ದೆಯ ಬಗ್ಗೆ ಹೇಳುತ್ತಾರೆ, ಮೂರನೆಯದರಲ್ಲಿ ಮ್ಯಾನೇಜರ್ ಬಗ್ಗೆ, ನಾಲ್ಕನೆಯದಕ್ಕೆ ರಿಲೀಸ್ ಇದೆಯೆಂದು ಬರುವುದಿಲ್ಲ. ಬಾರದಿದ್ದರೂ ಲೆಕ್ಕಕ್ಕೆ ಬರೆದುಕೊಳ್ಳಿ. ಐದನೆಯದರಲ್ಲಿ ಕ್ಷಮೆ ಕೇಳುತ್ತಾರೆ. ಆರನೆಯದು ಮುಗಿಯಲು ಐದು ನಿಮಿಷವಿರುವಾಗ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ಬಂದ ವಿಷಯ ಹೇಳುತ್ತಾರೆ. ಏಳನೆಯದಕ್ಕೆ ರಸೀದಿ ಪುಸ್ತಕ ಸಿದ್ಧವಾಗಿರಲಿ.