ಅಟ್ಟ ಇಳಿಸಿದ ಆಸಾಮಿ

ಬಸವನಗುಡಿಯ ಹಳೇ ಮನೆಯೊಂದರ ಮುಂದಿನ ಕೋಣೆ. 18 ಅಡಿ ಉದ್ದ, 12 ಅಡಿ ಅಗಲ. ಒಂದು ಕಾಲಕ್ಕೆ ವಕೀಲರ ಆಫೀಸ್ ರೂಮು. ಈಗ ಮೂಲೆಗೊಂದು ಸಿಂಕು, ಹಿಂದಕ್ಕೊಂದು ಬಚ್ಚಲು ಸೇರಿಸಿ ‘ಸ್ಟುಡಿಯೋ ಅಪಾರ್ಟ್‌ಮೆಂಟ್’ ಎಂದು ಹೆಸರಿಟ್ಟಿದ್ದಾರೆ. ಬಾಡಿಗೆಯೂ ಹೆಸರಿಗೆ ತಕ್ಕಂತೆ ಏರಿದೆ. ಇಲ್ಲಿರುವ ಸಾಫ್ಟ್‌ವೇರ್ ಹುಡುಗನಿಗೆ ಬೀದಿಯವರು ಇಟ್ಟ ಹೆಸರು ‘ಆಂಟಿಕ್’. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬ ಇಂಥವನಿದ್ದಾನೆ.

ಮನೆ ನೋಡಲು ಬಂದ ದಿನ ಅವನು ನಲ್ಲಿ ತಿರುಗಿಸಲಿಲ್ಲ, ಕಾವೇರಿ ನೀರು ಯಾವಾಗ ಬಿಡ್ತಾರೆ ಎಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು, ಕುಕ್ಕರುಗಾಲಲ್ಲಿ ಕೂತು, ನೆಲವನ್ನು ಅಂಗೈಯಿಂದ ಸವರಿದ.

“ರೆಡ್ ಆಕ್ಸೈಡ್!”

“ಹೂಂ ಕಣಪ್ಪ, ಬಿರುಕು ಬಿಟ್ಟಿದೆ. ಟೈಲ್ಸ್ ಹಾಕಿಸಿಕೊಡ್ತೀನಿ,” ಎಂದರು ಓನರ್ ಅಜ್ಜಿ.

“ಅಯ್ಯೋ ಬೇಡಿ ಅಜ್ಜಿ, ಬಿರುಕೂ ಇರ್ಲಿ!”

ಅವನನ್ನು ನೋಡಿ ಪೂರ್ತಿ ನಗುವಂತೆಯೂ ಇಲ್ಲ. 1898ರ ಪ್ಲೇಗು ಪೇಟೆಯವರನ್ನು ಎಬ್ಬಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡದ್ದು, ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು, ಕಿಟಕಿಯ ಮೇಲಿನ ಮರದ ಪಟ್ಟಿಗಳ ಚೂಪು ಟೋಪಿಗೆ ‘ಮಂಕಿ ಟಾಪ್’ ಎನ್ನುವುದು, ಎಲ್ಲ ಬಾಯಿಪಾಠ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರುವ ಗಾರೆಯವರು ಈಗ ಸುಲಭಕ್ಕೆ ಸಿಗುವುದಿಲ್ಲ. ಅದು ಗೊತ್ತಿರುವುದರಿಂದಲೇ ಭಾನುವಾರ ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಾನೆ. ಸೋಮವಾರ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಅದರ ಮೇಲೇ ಜಾರುತ್ತಾನೆ.

ಅಲಂಕಾರದ್ದೇ ಕಷ್ಟ. ಚಿಕ್ಕಪೇಟೆ ಹತ್ತಿರದ ಸಂಡೆ ಬಜಾರಿನಿಂದ ವಾರಕ್ಕೊಂದು ಸಾಮಾನು ಬರುತ್ತದೆ. ಮರ್ಫಿ ರೇಡಿಯೊ ಹಾಡುವುದಿಲ್ಲ. ಹಿತ್ತಾಳೆಯ ಪಂಪ್ ಸ್ಟವ್ ಹೊತ್ತುವುದಿಲ್ಲ. ಗೋಡೆ ಗಡಿಯಾರ ಮೂರೂಕಾಲಿಗೆ ಹನ್ನೊಂದು ಹೊಡೆಯುತ್ತದೆ. ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿ ಆಫೀಸ್ ಮೇಜು ಮಾಡಿಕೊಂಡಿದ್ದಾನೆ. ಮೀಟಿಂಗ್ ಬಿಸಿಯಾದಾಗ ಕಾಲು ತಾನಾಗಿ ಪೆಡಲ್ ತುಳಿಯುತ್ತದೆ. ಮನಿ ಪ್ಲಾಂಟ್ ನೆಟ್ಟ ತಾಮ್ರದ ಹಂಡೆಯ ಕಂಠದ ಮೇಲೆ ಯಾರದೋ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆದಿದೆ. ಬಂದವರು ಕೇಳಿದರೆ, “ನಮ್ಮ ಮುತ್ತಜ್ಜಿ” ಎನ್ನುತ್ತಾನೆ.

ಹಾಸನದಿಂದ ಬಂದ ಅವನ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು.

“ಏನೋ ಇದು, ಅಟ್ಟ ಇಳಿಸ್ಕೊಂಡು ಕೂತಿದೀಯಲ್ಲೋ! ಕುಕ್ಕರ್ ಎಲ್ಲಿ?”

“ಅಟ್ಟದ ಮೇಲೆ.”

“ಮಿಕ್ಸಿ?”

“ಅದೂ.”

ಪ್ಲಾಸ್ಟಿಕ್ ಹಿಡಿಯ ವಸ್ತುವೊಂದೂ ಕಣ್ಣಿಗೆ ಬೀಳಕೂಡದಲ್ಲ! ಎರಡು ದಿನ ಏಣಿ ಹತ್ತಿಳಿದು ಅನ್ನ ಸಾರು ಮಾಡಿದ ತಾಯಿ, ಮೂರನೇ ದಿನ ಬಸ್ಸು ಹಿಡಿದರು.

ಓನರ್ ಅಜ್ಜಿ ಇರುವುದು ಮಹಡಿಯ ಹೊಸ ಮನೆಯಲ್ಲಿ, ಬಿಳಿ ವಿಟ್ರಿಫೈಡ್ ಟೈಲ್ಸ್ ಮೇಲೆ. ಗಾರೆ ನೆಲ ಮಂಡಿಗೆ ಶೀತವಂತೆ. ಬರುವ ತಿಂಗಳಿಂದ ಕೆಳಗಿನ ಕೋಣೆಗೆ ಬಾಡಿಗೆ ಎರಡು ಸಾವಿರ ಜಾಸ್ತಿ. ಬಿರುಕಿಗೆ ಬೇರೆ ಚಾರ್ಜು ಹಾಕಿಲ್ಲ.