ಶಿಸ್ತುಮೀಮಾಂಸೆ (ಕಾಚಿಗುಡ ಪಾಠಾಂತರ ಸಹಿತ)

ಶಿಸ್ತಿನ ಮನುಷ್ಯ ಎಂದರೆ ಯಾರು? ಬೆಂಗಳೂರಿನಲ್ಲಿ ಉತ್ತರ ಸುಲಭ: ತಾನು ಐದಕ್ಕೆ ಎದ್ದು, ಐದೂಕಾಲಿಗೆ ಇಡೀ ಮನೆಯನ್ನು ಎಬ್ಬಿಸುವವನು. ಹೈದರಾಬಾದಿನ ಕಾಚಿಗುಡದಲ್ಲಿ ಮಾತ್ರ ಈ ಪದ ಓಣಿ ದಾಟುವಷ್ಟರಲ್ಲಿ ವೇಷ ಬದಲಿಸುತ್ತದೆ. "ನಮ್ಮ ಮಾವನವರದು ಬಹಳ ಶಿಸ್ತು" ಎಂದು ಕನ್ನಡದ ಸೊಸೆ ನಿಟ್ಟುಸಿರಿಟ್ಟರೆ, ಎದುರುಮನೆಯ ತೆಲುಗಿನಾಕೆ "ಎಕರಾಕು ಎಂತ?" ಎಂದು ವಿಚಾರಿಸುತ್ತಾಳೆ. ತೆಲುಗಿನಲ್ಲಿ ಶಿಸ್ತು ಎಂದರೆ ಭೂಕಂದಾಯ. ಮೇಲಿನ ಮಹಡಿಯ ಉರ್ದು ಮೇಷ್ಟ್ರು ಮೆಲ್ಲನೆ ಕಿಟಕಿ ಮುಚ್ಚುತ್ತಾರೆ. ಅವರಿಗೆ ಶಿಸ್ತ್ ಎಂದರೆ ಬಂದೂಕಿನ ಗುರಿ.

ಮೂಲಾರ್ಥ ಯಾವುದು? ಇಲ್ಲಿ ಎರಡು ಬಣ. ಪಾರಸಿ ಬಣ 'ಗುರಿ'ಯ ಪರ. ಸಂಸ್ಕೃತ ಬಣಕ್ಕೆ ಇದು 'ಶಿಷ್ಟ', ಅಂದರೆ ಉಳಿದದ್ದು. ಕಂದಾಯ ಕಟ್ಟಿದ ರೈತನಿಗೆ ಉಳಿದದ್ದೇನು ಎಂಬುದಕ್ಕೆ ಅವರಲ್ಲಿ ಭಾಷ್ಯವಿಲ್ಲ.

ಪ್ರಬಂಧಕಾರನ ಸಿದ್ಧಾಂತವೆಂದರೆ, ಮೂರೂ ಒಂದೇ. ಶಿಸ್ತಿನ ಮನುಷ್ಯ ಮೊದಲು ಗುರಿ ಇಡುತ್ತಾನೆ, ಆಮೇಲೆ ವಸೂಲಿಗಿಳಿಯುತ್ತಾನೆ, ಕಡೆಗೆ ಅದನ್ನೇ ಸದಾಚಾರವೆನ್ನುತ್ತಾನೆ. ಪ್ರಮಾಣ: 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ. ಈತ ಮಣ್ಣಿನ ಗುಣ ನೋಡಿ ಭೂಮಿಯನ್ನು ಐದು ತರ ಮಾಡಿದ, ಬೆಳೆಯಲ್ಲಿ ಮೂರರಲ್ಲೊಂದು ಪಾಲು ಅರಮನೆಗೆಂದು ಗೊತ್ತುಮಾಡಿದ. ಆ ಕಂದಾಯ ಪದ್ಧತಿಯ ಹೆಸರೇ ಶಿಸ್ತು. 'ಶಿಸ್ತಿನ ಶಿವಪ್ಪನಾಯಕ' ಎಂದು ಪಾಠದಲ್ಲಿ ಓದಿದ ಮಕ್ಕಳು ಅರಸ ನಸುಕಿನಲ್ಲೇ ಎದ್ದು ಹಲ್ಲುಜ್ಜುತ್ತಿದ್ದನೆಂದು ತಿಳಿಯುತ್ತಾರೆ. ಉಜ್ಜುತ್ತಿದ್ದನೋ ಏನೋ, ಬಿರುದು ಬಂದದ್ದಂತೂ ಲೆಕ್ಕದ ಕಡತದಿಂದ. ಹೀಗಾಗಿ ಎದುರುಮನೆಯಾಕೆ ಕೇಳಿದ್ದು ಅಪ್ಪಟ ಮಲೆನಾಡಿನ ಪ್ರಶ್ನೆ.

'ಗುರಿ'ಗೂ ಪ್ರಮಾಣವಿದೆ, ಆದರೆ ಅದನ್ನು ಫ್ರಾನ್ಸಿನಿಂದ ತರಿಸಬೇಕು. ಹದಿನಾಲ್ಕನೆಯ ಲೂಯಿಯ ಪದಾತಿಗಳಿಗೆ ಕವಾಯತು ಕಲಿಸಿ ಹಣ್ಣುಮಾಡಿದವನು ಮಾರ್ಟಿನೆ. ಇಂಗ್ಲಿಷಿನವರು ಕಟ್ಟುನಿಟ್ಟಿನವರನ್ನೆಲ್ಲ ಇಂದಿಗೂ ಅವನ ಹೆಸರಿನಿಂದಲೇ ಬೈಯುತ್ತಾರೆ. 1672ರ ಮುತ್ತಿಗೆಯೊಂದರಲ್ಲಿ ಅವನು ಸತ್ತದ್ದು ಸ್ವಪಕ್ಷದ ಗುಂಡಿಗೆ ಎನ್ನುತ್ತಾರೆ. ಶಿಸ್ತು ಕಲಿಸಿದವನಿಗೇ ಶಿಸ್ತು ತಗುಲಿತು. ಉರ್ದು ಮೇಷ್ಟ್ರು ಕಿಟಕಿ ಮುಚ್ಚಿದ್ದು ಸರಿ.

ಪೂರ್ವಪಕ್ಷವೊಂದು ಬಾಕಿಯಿದೆ. ಕಲಬುರಗಿ, ಬೀದರ್ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವರು ಈ ಗೊಂದಲಕ್ಕೇ ಸಿಗದೆ "ಭಾಳ ಖಡಕ್ ಮನಿಷ್ಯಾ" ಎಂದು ಒಂದೇ ಏಟಿಗೆ ಮುಗಿಸುತ್ತಾರೆ. ಈ ಪದದ ಶೋಧನೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಆಮೇಲೆ ಇರಾನಿ ಹೋಟೆಲಿನ ಖಡಕ್ ಚಾ ಅತ್ಯಗತ್ಯ. ಅನುದಾನಕ್ಕೆ ಅರ್ಜಿ ಸಲ್ಲಿಸಿದ್ದೇವೆ. ಮಂಜೂರು ಮಾಡಬೇಕಾದ ಅಧಿಕಾರಿ ಬಹಳ ಶಿಸ್ತಿನವರಂತೆ. ಯಾವ ಭಾಷೆಯಲ್ಲಿ ಎಂದು ವಿಚಾರಿಸುತ್ತಿದ್ದೇವೆ.