ತಾತನವರ ಶಾಂತಿಪರ್ವ

ಮೈಸೂರಿನ ಚಾಮರಾಜಪುರದಂಥ ಹಳೆಯ ಬಡಾವಣೆಗಳಲ್ಲಿ, ಮುಂದೊಂದು ಜಗಲಿಯೂ ಹಿಂದೊಂದು ಹಿತ್ತಲೂ ಇನ್ನೂ ಉಳಿದುಕೊಂಡಿರುವ ಮನೆಗಳ ಪೈಕಿ ಬೀದಿಗೊಂದರಲ್ಲಾದರೂ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ವಿಶ್ರಾಂತರಾದ ಮಹನೀಯರೊಬ್ಬರು ವಾಸವಾಗಿರುತ್ತಾರೆ. ಇವರನ್ನು ಗುರುತಿಸಲು ಹೆಸರು ಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಶಾಲೆಗಳು ಮುಚ್ಚಿ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿಳಿದ ಗಳಿಗೆಯಿಂದ, ಮೇ ಕೊನೆಯಲ್ಲಿ ಅವರು ಹಿಂದಿರುಗುವವರೆಗೂ, "ಯಾವಾಗ ಹೋಗ್ತಾವಪ್ಪ ಈ ವಾನರಸೈನ್ಯ" ಎಂದು ದಾರಿಹೋಕರ ಕಿವಿಗೂ ಬೀಳುವಂತೆ ನಿಟ್ಟುಸಿರಿಡುವವರು ಯಾರೋ, ಅವರೇ ಇವರು.

ಸೇವಾಕಾಲದ ಅಭ್ಯಾಸವು ನಿವೃತ್ತಿಯೊಡನೆ ನಿವೃತ್ತವಾಗುವಂಥದಲ್ಲ. ಆದುದರಿಂದ ತಾತನವರು ಮೊಮ್ಮಕ್ಕಳ ಅಪರಾಧಗಳನ್ನು ಬರಿಯ ಬಾಯಿಮಾತಿಗೆ ಬಿಡದೆ, ಉದ್ದನೆಯ ನೋಟುಬುಕ್ಕಿನಲ್ಲಿ ಗೀಟೆಳೆದು, ಕಡೆಯಲ್ಲಿ ಷರಾ ಬರೆಯಲು ಜಾಗವನ್ನೂ ಬಿಟ್ಟು, ದಾಖಲು ಮಾಡುತ್ತಾರೆ. ಅಜ್ಜಿಯವರು ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಇಟ್ಟ ಸಬ್ಬಕ್ಕಿ ಸಂಡಿಗೆಯನ್ನು ಕಾಗೆಗಳಿಂದ ರಕ್ಷಿಸುವುದಕ್ಕೆಂದು ನೇಮಕವಾದ ಕಾವಲುಪಡೆಯು, ಅರೆ ಒಣಗಿದ ಸಂಡಿಗೆಯ ರುಚಿಗೆ ಮರುಳಾಗಿ, ಕಾಗೆಗಳಿಗೆ ಏನನ್ನೂ ಉಳಿಸದೆ ಹೋದ ಪ್ರಕರಣವು ಅಲ್ಲಿದೆ. ಕೃತ್ತಿಕೆಯ ಮಳೆ ಸುರಿದ ಸಂಜೆ, ಪಂಚಾಂಗದ ಆಷಾಢಮಾಸವು ದೋಣಿಗಳಾಗಿ ಚರಂಡಿಯಲ್ಲಿ ತೇಲಿಹೋದ ಪ್ರಕರಣವೂ ಇದೆ. ಎರಡರ ಎದುರಿಗೂ ಒಂದೇ ಷರಾ: "ಎಚ್ಚರಿಕೆ ಕೊಟ್ಟು ಬಿಡಲಾಗಿದೆ." ಆ ದೋಣಿಗಳನ್ನು ಮಡಿಸಿಕೊಟ್ಟ ಕೈ ಯಾರದೆಂಬುದು ಮಾತ್ರ ದಾಖಲೆಯಲ್ಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ನಿಂತಿದ್ದ ನಾನು ಅದನ್ನು ಬಲ್ಲೆ.

ಹೊರಡುವ ದಿನವನ್ನು ಗೊತ್ತುಮಾಡುವಾಗಲಂತೂ ಇವರ ಶಾಸ್ತ್ರನಿಷ್ಠೆ ಹಠಾತ್ತನೆ ಉಕ್ಕಿಬರುತ್ತದೆ. ಕಚೇರಿಯ ಕೆಲಸಕ್ಕೆ ರಾಹುವೂ ಇಲ್ಲ ಕೇತುವೂ ಇಲ್ಲವೆಂದು ಸೇವೆಯುದ್ದಕ್ಕೂ ಸಾಧಿಸಿದವರು, ಮಂಗಳವಾರ ಶುಕ್ರವಾರಗಳಲ್ಲಿ ಮನೆಯ ಹೆಣ್ಣುಮಗಳನ್ನು ಕಳುಹಿಸಕೂಡದೆನ್ನುತ್ತಾರೆ. ಬುಧವಾರದ ಮೇಲೆ, ಕಾರಣವನ್ನು ಕಾಣಿಸದೆಯೇ, ಆಕ್ಷೇಪಣೆ ಸಲ್ಲಿಸುತ್ತಾರೆ. ರಜೆಯಿಲ್ಲದ ಅಳಿಯಂದಿರು ಭಾನುವಾರ ಸಂಜೆಯೇ ಆಗಬೇಕೆಂದರೆ, ಅಂದು 4:30ರಿಂದ 6ರವರೆಗೆ ರಾಹುಕಾಲವೆಂದು ಪರಮ ಹರ್ಷದಿಂದ ಪ್ರಕಟಿಸುತ್ತಾರೆ. ಅಜ್ಜಿಯವರಾದರೋ ಇಂಥ ಕಾನೂನುಗಳ ಒಳದಾರಿಗಳನ್ನು ಬಲ್ಲವರು. ಚೀಲವೊಂದನ್ನು ನಾಲ್ಕು ಗಂಟೆಗೇ ಎದುರುಮನೆಯಲ್ಲಿ, ಎಂದರೆ ನಮ್ಮಲ್ಲಿ, ಪ್ರಸ್ಥಾನವಿರಿಸಿ ರಾಹುವಿನ ಬಾಯಿ ಮುಚ್ಚಿಸುತ್ತಾರೆ. ಚಟ್ನಿಪುಡಿ, ಹುಳಿಪುಡಿ, ಮಾವಿನಮಿಡಿ ಉಪ್ಪಿನಕಾಯಿಗಳಿಂದ ತುಂಬಿದ ಆ ಚೀಲವು ನಮ್ಮ ಜಗಲಿಯಲ್ಲಿ ಕುಳಿತಷ್ಟು ಹೊತ್ತೂ ನನ್ನ ಸಂಯಮವು ಪಡುವ ಪಾಡು ಬೇರೆಯೇ ಒಂದು ಪ್ರಬಂಧಕ್ಕೆ ವಸ್ತು.

ಕಾರು ಬೀದಿಯ ತಿರುವು ದಾಟಿದೊಡನೆ, "ಅಬ್ಬ, ಇನ್ನು ಮನೆ ಮನೆಯ ಹಾಗಿರುತ್ತೆ" ಎಂದು ಘೋಷಿಸಿ, ಆರಾಮಕುರ್ಚಿಯಲ್ಲಿ ಕಾಲು ಚಾಚುವುದರೊಂದಿಗೆ ಶಾಂತಿಪರ್ವವು ಪ್ರಾರಂಭವಾಗುತ್ತದೆ. ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಅತ್ಯಂತ ದೀರ್ಘವಾದುದು ಯುದ್ಧದ ಪರ್ವಗಳಾವುವೂ ಅಲ್ಲ, ಯುದ್ಧವೆಲ್ಲ ಮುಗಿದ ಮೇಲಿನ ಶಾಂತಿಪರ್ವವೇ ಎಂಬುದು ಆ ಹೊತ್ತಿಗೆ ಅವರ ನೆನಪಿಗೆ ಬಂದಿರುವುದಿಲ್ಲ.

ಕೆಲಸದಾಕೆ ಪೊರಕೆ ಹಿಡಿದು ಬಂದರೆ ಒಡನೆಯೇ ತಡೆಯಾಜ್ಞೆ: ಪ್ರಯಾಣ ಹೊರಟವರು ಊರು ಮುಟ್ಟುವ ಮೊದಲು ಮನೆ ಗುಡಿಸಬಾರದು. ರಾತ್ರಿ, ತಲಪಿದೆವೆಂದು ಫೋನು ಬರುತ್ತದೆ. ಆದರೆ ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ಬೆಳಗಾಗುವ ವೇಳೆಗೆ ಶಾಸ್ತ್ರಗಳೆಲ್ಲ ಖರ್ಚಾಗಿ, ಸರ್ಕಾರಿ ನಿಯಮಾವಳಿಯ ಸರದಿ ಬರುತ್ತದೆ. ಗೋಡೆಯ ಮೇಲೆ ಬಳಪದಿಂದ ಬರೆದ ಆನೆ, ಮಂಚದಡಿಯ ಒಂಟಿ ಚಪ್ಪಲಿ, ಜಗಲಿಯ ಕೆಂಪುಗಾರೆಯ ಮೇಲೆ ಸೀಮೆಸುಣ್ಣದಿಂದ ಗೀಚಿದ ಚೌಕಾಬಾರದ ಮನೆಗಳು, ಇವುಗಳ ಮಹಜರು ಆಗದೆ ಯಾವುದನ್ನೂ ಅಳಿಸುವಂತಿಲ್ಲ, ಕದಲಿಸುವಂತಿಲ್ಲ. ಕಡತವನ್ನು ಮುಂದಕ್ಕೆ ಹೋಗಗೊಡದ ವಿದ್ಯೆಯನ್ನು ತರುಣ ಗುಮಾಸ್ತರಾಗಿ ಕಲಿತ ಕಾಲದಲ್ಲಿ, ಅದು ಮುಂದೊಂದು ದಿನ ಒಂಟಿ ಚಪ್ಪಲಿಯ ರಕ್ಷಣೆಗೆ ಒದಗೀತೆಂದು ಅವರೂ ಎಣಿಸಿರಲಾರರು.

ನಿರಾತಂಕವಾಗಿ ನಿದ್ರಿಸಬಹುದಾದ ಮಧ್ಯಾಹ್ನಗಳಲ್ಲಿ ಅವರಿಗೆ ನಿದ್ರೆ ಬಾರದು. ಅಜ್ಜಿಯವರ ಕೈಯಳತೆ ಇನ್ನೂ ಹಿಂದಿನದೇ ಆದುದರಿಂದ, ಬೆಳಗಿನ ಅನ್ನವು ಸಂಜೆ ಚಿತ್ರಾನ್ನವಾಗಿ ಪುನರ್ಜನ್ಮವೆತ್ತುತ್ತದೆ. ಆದರೆ ನಿಜವಾದ ಸಂಕಟ ಬಾದಾಮಿ ಮಾವಿನ ಹಣ್ಣನ್ನು ಹೆಚ್ಚಿದಾಗ. ಮೊನ್ನೆಮೊನ್ನೆಯವರೆಗೆ ಗೊರಟಿನ ಹಕ್ಕಿಗಾಗಿ ನಿತ್ಯವೂ ವ್ಯಾಜ್ಯವೇರ್ಪಟ್ಟು, ತಾತನವರು ಸರದಿಯ ಪಟ್ಟಿಯನ್ನು ತಯಾರಿಸಿ ತೀರ್ಪು ಕೊಡಬೇಕಾಗಿದ್ದಿತು. ಈಗ ಗೊರಟು ವಾರಸುದಾರರಿಲ್ಲದ ಆಸ್ತಿಯಾಗಿ ತಟ್ಟೆಯಲ್ಲಿ ಬಿದ್ದಿರುತ್ತದೆ.

"ನೀವೇ ತಿನ್ನೀಂದ್ರೆ."

"ನಿನಗಿಷ್ಟ ಅಲ್ವೇನೇ, ನೀನೇ ತಿನ್ನು."

"ನನಗೆ ಹಲ್ಲೆಲ್ಲಿದೆ?"

"ನನಗೆಲ್ಲಿದೆ?"

ಹೀಗೆ ಎರಡು ಕಕ್ಷಿಗಳೂ ಹಕ್ಕು ಬಿಟ್ಟುಕೊಟ್ಟ ಮೇಲೆ ಗೊರಟು ಹಿತ್ತಲಿನ ಪಾಲಾಗುತ್ತದೆ.

ಇನ್ನು ಚೌಕಾಬಾರ. ಈ ವರ್ಷ ಆಟವೊಂದು ಅರ್ಧಕ್ಕೇ ನಿಂತು, ಮೊಮ್ಮಗಳ ಹುಣಸೆಬೀಜಗಳೂ ಮೊಮ್ಮಗನ ಬಳೆಚೂರುಗಳೂ ಇದ್ದ ಮನೆಗಳಲ್ಲಿಯೇ ಉಳಿದಿದ್ದುವು. ರೋಹಿಣಿಯ ಮಳೆ ಬಂದ ಒಂದು ಸಂಜೆ ಕರೆಂಟು ಹೋಗಿ, ಟೀವಿಯೂ ಬಾಯಿ ಮುಚ್ಚಿಕೊಂಡಾಗ, ದಂಪತಿಗಳು "ಮಕ್ಕಳ ಪರವಾಗಿ" ಅದನ್ನು ಮುಂದುವರಿಸಲು ಕುಳಿತರು. ಅಜ್ಜಿಯವರು ಮೊಮ್ಮಗಳ ಕಡೆ, ತಾತನವರು ಮೊಮ್ಮಗನ ಕಡೆ. ನಾಲ್ಕು ಕವಡೆಗಳೂ ಬೋರಲಾಗಿ ಬಿದ್ದು ತಾತನವರಿಗೆ ಬಾರ, ಎಂದರೆ ಎಂಟು, ಸಿಕ್ಕಿತು. ಹುರುಪಿನಿಂದ ಬಳೆಚೂರೊಂದನ್ನು ಒಳಸುತ್ತಿಗೆ ನಡೆಸಿಯೇಬಿಟ್ಟರು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಆಟದ ಮೂಲಭೂತ ನಿಯಮ. ಹುಡುಗ ಹೊರಡುವ ಮೊದಲೇ ಕಡಿದಿದ್ದನೆಂದು ತಾತನವರ ವಾದ. ಇಲ್ಲವೇ ಇಲ್ಲವೆಂದು ಅಜ್ಜಿಯವರದು. "ಕಡಿದಿದ್ದರೆ ದಾಖಲೆ ತೋರಿಸಿ" ಎಂದು ಅವರು ಕೇಳಿದಾಗ, ನೋಟುಬುಕ್ಕನ್ನು ಮೇಣದಬತ್ತಿಯ ಬೆಳಕಿನಲ್ಲಿ ಆದ್ಯಂತವಾಗಿ ತಿರುವಿಹಾಕಿದುದಾಯಿತು. ಸಂಡಿಗೆ ಇದೆ, ಆಷಾಢವಿದೆ, ಚೌಕಾಬಾರವಿಲ್ಲ.

ಮೇಲ್ಮನವಿಯು ಬೆಂಗಳೂರಿಗೆ ಹೋಯಿತು. ತಾತನವರ ಕಿವಿ ಸ್ವಲ್ಪ ಮಂದವಾದುದರಿಂದ ಮೊಬೈಲಿನ ಸ್ಪೀಕರನ್ನು ಹಾಕಿಕೊಂಡೇ ಮಾತನಾಡುವುದು ರೂಢಿ.

"ನಾನು ಕಡಿದಿರ್ಲಿಲ್ಲ ತಾತ," ಎಂದಿತು ಆ ಕಡೆಯ ಕಂಠ, "ಆದ್ರೆ ಅಜ್ಜಿಗೆ ಹೇಳ್ಬೇಡ."

ತಾತನವರು ಫೋನನ್ನು ಕೆಳಗಿಟ್ಟು, ಕನ್ನಡಕವನ್ನು ಸರಿಪಡಿಸಿಕೊಂಡು, "ಕಡಿದಿದ್ದಾನಂತೆ" ಎಂದು ಅತ್ಯಂತ ಗಾಂಭೀರ್ಯದಿಂದ ತೀರ್ಪನ್ನು ಓದಿದರು. ಬೀದಿಯ ಈಚೆಗೆ ನಮ್ಮ ಜಗಲಿಯಲ್ಲಿದ್ದ ನನಗೇ ಕೇಳಿಸಿದ ಮಾತು, ಮೊಳದೂರದಲ್ಲಿ ಕುಳಿತವರಿಗೆ ಕೇಳಿಸದಿದ್ದೀತೆ? ಅಜ್ಜಿಯವರು ಏನೊಂದೂ ಆಡಲಿಲ್ಲ. ಕವಡೆಗಳನ್ನು ಬಾಚಿಕೊಂಡು, ಮೊಮ್ಮಗಳ ಪರವಾಗಿ ಎರಡು ಸಲ ಹೆಚ್ಚಿಗೆ ಹಾಕಿದರು.